ದವನದ ಬಂಧು, ಚಳಿಜ್ವರದ ಮದ್ದು

ಚೈತ್ರ ಮಾಸದ ಹುಣ್ಣಿಮೆಗೆ ನಮ್ಮಲ್ಲಿ ದವನದ ಹುಣ್ಣಿಮೆ ಎಂಬ ಹೆಸರಿದೆ. ಹಾವೇರಿಯ ಹೂವಿನ ಅಂಗಡಿಗಳಲ್ಲಿ ಸೇವಂತಿಗೆ, ಮಲ್ಲಿಗೆಗಳ ನಡುವೆ ಬೂದು ಹಸಿರಿನ ದವನದ ಎಳೆಗಳನ್ನು ಸೇರಿಸಿ ಮಾಲೆ ಕಟ್ಟುವುದನ್ನು ನೀವು ಎಷ್ಟೋ ಸಲ ಕಂಡಿರುತ್ತೀರಿ. ಸಸ್ಯಶಾಸ್ತ್ರಜ್ಞರು ಈ ದವನವನ್ನು ಆರ್ಟೆಮಿಸಿಯಾ ಪ್ಯಾಲೆನ್ಸ್ ಎಂದು ಕರೆಯುತ್ತಾರೆ. ಗಣೇಶನಿಗೆ ಏರಿಸುವ ಪತ್ರೆಗಳಲ್ಲಿ ಬರುವ ಮಾಚಿಪತ್ರೆಯೂ ಇದೇ ಕುಲದ್ದು. ಈ ಕುಲದ ಇನ್ನೊಂದು ಗಿಡ ನಮ್ಮ ಸೀಮೆಯ ಪೂಜೆಯಲ್ಲಾಗಲಿ ಮುಡಿಯಲ್ಲಾಗಲಿ ಸ್ಥಾನ ಪಡೆದಿಲ್ಲ. ಅದರ ಹೆಸರು ಆರ್ಟೆಮಿಸಿಯಾ ಆನ್ಯುವಾ. ಆದರೆ ಕಳೆದ ಐವತ್ತು ವರ್ಷಗಳಲ್ಲಿ ಲಕ್ಷಾಂತರ ಮಕ್ಕಳ ಪ್ರಾಣ ಉಳಿಸಿದ ಮಲೇರಿಯಾ ಔಷಧ ಬಂದಿರುವುದು ಈ ಗಿಡದ ಎಲೆಯಿಂದಲೇ. ಆ ಔಷಧದ ಹೆಸರು ಆರ್ಟೆಮಿಸಿನಿನ್.

ಈ ಔಷಧದ ರಸಾಯನಶಾಸ್ತ್ರ ನಡೆದು ಬಂದ ದಾರಿಯನ್ನು ಇಲ್ಲಿ ನಿಮ್ಮ ಮುಂದೆ ಇಡಬೇಕೆಂದಿದೆ. ರಸಾಯನಶಾಸ್ತ್ರ ಎಂದ ಕೂಡಲೇ ಪುಟ ಮಗುಚಬೇಡಿ. ಬ್ಯಾಡಗಿಯ ಮೆಣಸಿನಕಾಯಿ ಮತ್ತು ರಾಣೇಬೆನ್ನೂರಿನ ಬೀಜ ಎರಡನ್ನೂ ಬಲ್ಲವರಿಗೆ ಈ ಕಥೆಯ ಅರ್ಧ ಭಾಗ ಮೊದಲೇ ಗೊತ್ತಿರುವಂಥದ್ದು.

ಚಳಿಜ್ವರದ ಸೀಮೆ

ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮೊದಲು ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳೆಲ್ಲ ಧಾರವಾಡ ಜಿಲ್ಲೆಯ ಊರುಗಳು. 1956ಕ್ಕೆ ಮುಂಚೆ ಆ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಜಿಲ್ಲೆಯ ಪಶ್ಚಿಮದಂಚು ಮಲೆನಾಡಿಗೆ ತಾಗಿಕೊಂಡದ್ದು. ಹಾನಗಲ್ಲಿನ ಕಡೆಯ ಕೆರೆಗಳು, ಭತ್ತದ ಗದ್ದೆಗಳು, ಮೆಲ್ಲಗೆ ಹರಿಯುವ ಹಳ್ಳಗಳು ಬೆಳೆಗೆ ಎಷ್ಟು ಒಳ್ಳೆಯವೋ ಸೊಳ್ಳೆಗೂ ಅಷ್ಟೇ ಒಳ್ಳೆಯವು. ಮಲೆನಾಡಿನ ಸೀಮೆಗೆ ಹೆಣ್ಣು ಕೊಡಲು ಬಯಲುಸೀಮೆಯ ತಂದೆತಾಯಿ ಹಿಂಜರಿಯುತ್ತಿದ್ದ ಕಾಲವೊಂದಿತ್ತು. ಎರಡು ದಿನಕ್ಕೊಮ್ಮೆ ನಡುಗಿಸಿ ಬರುವ ಜ್ವರ, ಮಕ್ಕಳ ಹೊಟ್ಟೆಯ ಎಡಭಾಗದಲ್ಲಿ ಕೈಗೆ ಸಿಗುವ ಜ್ವರಗಡ್ಡೆ, ರಕ್ತವಿಲ್ಲದೆ ಬಿಳಿಚಿದ ಮುಖ, ಇವು ಅಲ್ಲಿನ ಬದುಕಿನ ಭಾಗವೇ ಆಗಿದ್ದವು.

ಎರಡನೆಯ ಮಹಾಯುದ್ಧ ಮುಗಿದ ಬೆನ್ನಲ್ಲೇ ಭಾರತದ ಮಲೇರಿಯಾ ಚರಿತ್ರೆಯ ಒಂದು ಮುಖ್ಯ ಪ್ರಯೋಗ ನಡೆದದ್ದು ಇದೇ ನೆಲದಲ್ಲಿ. ಡಾ. ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಅವರ ನೇತೃತ್ವದಲ್ಲಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳ ಮನೆಗೋಡೆಗಳಿಗೆ ಡಿಡಿಟಿ ಸಿಂಪಡಿಸಲಾಯಿತು. ಮೊದಲ ವರ್ಷದ ಫಲಿತಾಂಶ 1947ರಲ್ಲಿ ಪ್ರಕಟವಾಯಿತು. ಇಡೀ ದೇಶದ ಹಳ್ಳಿಗಳಲ್ಲಿ ಮಲೇರಿಯಾವನ್ನು ಹೀಗೆ ಹತೋಟಿಗೆ ತರಬಹುದು ಎಂಬ ಧೈರ್ಯವನ್ನು ತಂದುಕೊಟ್ಟ ಕೆಲಸಗಳಲ್ಲಿ ಇದೂ ಒಂದು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. 1958ರಲ್ಲಿ ಅದು ನಿರ್ಮೂಲನ ಕಾರ್ಯಕ್ರಮವಾಯಿತು. ಸ್ವಾತಂತ್ರ್ಯದ ಹೊತ್ತಿಗೆ ವರ್ಷಕ್ಕೆ ಸುಮಾರು 7.5 ಕೋಟಿ ಜನರನ್ನು ಕಾಡಿ 8 ಲಕ್ಷ ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದುದಾಗಿ ಅಂದಾಜಿಸಲಾದ ರೋಗ, 1965ರ ಹೊತ್ತಿಗೆ ಸುಮಾರು 1 ಲಕ್ಷ ಪ್ರಕರಣಗಳಿಗೆ ಇಳಿಯಿತು.

ಗೆದ್ದೆವು ಎಂದುಕೊಂಡಾಗಲೇ ಶತ್ರು ಮರಳಿ ಬಂದ. ಸೊಳ್ಳೆಗಳು ಡಿಡಿಟಿಗೆ ಒಗ್ಗಿಕೊಂಡವು. 1973ರಲ್ಲಿ ಅಸ್ಸಾಮಿನ ಕಾರ್ಬಿ ಆಂಗ್ಲಾಂಗ್‌ನಲ್ಲಿ ಕ್ಲೋರೋಕ್ವಿನ್ ಮಾತ್ರೆಗೂ ಜಗ್ಗದ ಮಲೇರಿಯಾ ಕಾಣಿಸಿತು. 1976ರಲ್ಲಿ ದೇಶದ ಪ್ರಕರಣಗಳು 64 ಲಕ್ಷ ದಾಟಿದವು. ಹೊಸ ಔಷಧದ ಅಗತ್ಯ ಆಗ ಎಲ್ಲರಿಗೂ ಮನದಟ್ಟಾಯಿತು.

ಮೊದಲು ಬಂದದ್ದು ತೊಗಟೆ

ಗಿಡಮರದಿಂದ ಮಲೇರಿಯಾ ಮದ್ದು ತೆಗೆಯುವುದು ಹೊಸ ವಿದ್ಯೆಯೇನಲ್ಲ. ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯಿಂದ 1820ರಲ್ಲಿ ಫ್ರಾನ್ಸಿನ ಪೆಲ್ಟಿಯೆ ಮತ್ತು ಕವಾಂತು ಎಂಬ ಇಬ್ಬರು ಕ್ವಿನೈನನ್ನು ಬೇರ್ಪಡಿಸಿದರು. 1860ರ ದಶಕದಲ್ಲಿ ಆ ಮರ ನಮ್ಮ ನೆರೆಯ ನೀಲಗಿರಿಗೆ ಬಂತು. ಅಲ್ಲಿ ಸರಕಾರಿ ತೋಟಗಳೂ ನಡುವಟ್ಟಂನಲ್ಲಿ ಕ್ವಿನೈನ್ ಕಾರ್ಖಾನೆಯೂ ಎದ್ದವು. ರೋಗವನ್ನು ಹರಡುವುದು ಸೊಳ್ಳೆ ಎಂಬುದು ಆಗಿನ್ನೂ ಯಾರಿಗೂ ತಿಳಿದಿರಲಿಲ್ಲ. 1895ರಲ್ಲಿ ಬೆಂಗಳೂರಿನಲ್ಲಿ ಕಾಲರಾ ನಿಯಂತ್ರಣದ ಕೆಲಸಕ್ಕೆ ನೇಮಕಗೊಂಡಿದ್ದ ರೊನಾಲ್ಡ್ ರಾಸ್, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣುವನ್ನು ಕಂಡ ಮೇಲೆ ಆ ಗುಟ್ಟು ಬಯಲಾಯಿತು. ಕಾರಣ ತಿಳಿಯುವ ಮೊದಲೇ ಮದ್ದು ಸಿಕ್ಕಿತ್ತು ಎಂಬುದನ್ನು ಗಮನಿಸಿ.

ಕ್ವಿನೈನಿನ ಅಣುವನ್ನು ನೋಡಿ ರಸಾಯನಜ್ಞರು ಅದನ್ನು ಹೋಲುವ ಕೃತಕ ಔಷಧಗಳನ್ನು ಕಟ್ಟಿದರು. 1934ರಲ್ಲಿ ಜರ್ಮನಿಯಲ್ಲಿ ತಯಾರಾದ ಕ್ಲೋರೋಕ್ವಿನ್ ಅವುಗಳಲ್ಲಿ ಹೆಚ್ಚು ಹೆಸರು ಮಾಡಿತು. ಅಗ್ಗದ ಮಾತ್ರೆ, ಒಳ್ಳೆಯ ಗುಣ. ಹಳ್ಳಿಹಳ್ಳಿಗೂ ಅದು ತಲುಪಿತು. ಆದರೆ ಒಂದೇ ಮಾತ್ರೆಯನ್ನು ಎಲ್ಲೆಡೆ, ಎಷ್ಟೋ ಸಲ ಅರ್ಧಂಬರ್ಧವಾಗಿ ನುಂಗಿದ್ದರಿಂದ ರೋಗಾಣು ಅದನ್ನು ತಡೆದುಕೊಳ್ಳುವುದನ್ನು ಕಲಿತುಬಿಟ್ಟಿತು.

ಕಷಾಯವೋ, ಸ್ವರಸವೋ?

1967ರ ಮೇ 23ರಂದು ಚೀನಾದಲ್ಲಿ ಒಂದು ಗುಪ್ತ ಯೋಜನೆ ಆರಂಭವಾಯಿತು. ತಿಂಗಳು, ದಿನಾಂಕಗಳನ್ನು ಸೇರಿಸಿ ಅದಕ್ಕೆ 523 ಎಂದೇ ಹೆಸರಿಟ್ಟರು. ವಿಯೆಟ್ನಾಂ ಯುದ್ಧದ ಕಾಡುಗಳಲ್ಲಿ ಗುಂಡಿಗಿಂತ ಮಲೇರಿಯಾಕ್ಕೇ ಹೆಚ್ಚು ಸೈನಿಕರು ಮಲಗುತ್ತಿದ್ದ ಕಾಲವದು. 1969ರಲ್ಲಿ ಬೀಜಿಂಗ್‌ನ ಸಾಂಪ್ರದಾಯಿಕ ವೈದ್ಯ ಅಕಾಡೆಮಿಯ ತೂ ಯೂಯೂ ಎಂಬ ಮಹಿಳೆ ಈ ಕೆಲಸಕ್ಕೆ ಸೇರಿದರು. ಹಳೆಯ ಗ್ರಂಥಗಳನ್ನೂ ನಾಟಿ ವೈದ್ಯರ ಮದ್ದುಗಳನ್ನೂ ಜಾಲಾಡಿ ನೂರಾರು ಸಸ್ಯಗಳನ್ನು ಅವರ ತಂಡ ಇಲಿಗಳ ಮೇಲೆ ಪರೀಕ್ಷಿಸಿತು. ಚಿಂಗ್‌ಹಾವ್ ಎಂಬ ಗಿಡ ಒಮ್ಮೆ ಗುಣ ತೋರಿಸಿತು, ಮತ್ತೊಮ್ಮೆ ಕೈಕೊಟ್ಟಿತು.

ಇದಕ್ಕೆ ಉತ್ತರ ಸಿಕ್ಕಿದ್ದು ಗ ಹೋಂಗ್ ಎಂಬ 4ನೆಯ ಶತಮಾನದ ವೈದ್ಯನ ಗ್ರಂಥದಲ್ಲಿ. ಒಂದು ಹಿಡಿ ಸೊಪ್ಪನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಆ ರಸವನ್ನು ಕುಡಿಯಬೇಕೆಂದು ಅದರಲ್ಲಿ ಹೇಳಿತ್ತು. ಕುದಿಸುವ ಮಾತೇ ಇರಲಿಲ್ಲ. ನಮ್ಮ ಆಯುರ್ವೇದದಲ್ಲಿಯೂ ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ ಎಂದು ಐದು ಬಗೆಯ ಕಲ್ಪಗಳಿವೆ. ಹಿಂಡಿ ತೆಗೆದದ್ದು ಒಂದು, ಕುದಿಸಿ ಇಳಿಸಿದ್ದು ಇನ್ನೊಂದು, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿದ್ದು ಮತ್ತೊಂದು. ಒಂದೇ ಸೊಪ್ಪು, ತಯಾರಿಸುವ ವಿಧಾನ ಬೇರೆಯಾದರೆ ಗುಣ ಬೇರೆ ಎಂಬ ಮಾತು ನಮ್ಮ ಹಿರಿಯರಿಗೂ ಗೊತ್ತಿತ್ತು. ಬಿಸಿಗೆ ಔಷಧದ ಅಂಶ ಕೆಡುತ್ತಿರಬಹುದೆಂದು ತೂ ಯೂಯೂ ಊಹಿಸಿದರು. ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ಈಥರ್ ದ್ರಾವಕವನ್ನು ಬಳಸಿದರು. 1971ರ ಅಕ್ಟೋಬರ್ 4ರಂದು ಪರೀಕ್ಷಿಸಿದ 191ನೆಯ ಮಾದರಿ ಇಲಿಗಳ ರಕ್ತದಲ್ಲಿನ ರೋಗಾಣುಗಳನ್ನು ಪೂರ್ತಿ ತೊಡೆದುಹಾಕಿತು. ರೋಗಿಗಳಿಗೆ ಕೊಡುವ ಮೊದಲು ಅವರೂ ಅವರ ಸಹೋದ್ಯೋಗಿಗಳೂ ತಾವೇ ಅದನ್ನು ಸೇವಿಸಿ ನೋಡಿದರು. 1972ರಲ್ಲಿ ಶುದ್ಧ ಹರಳು ದೊರೆಯಿತು. 2015ರಲ್ಲಿ ತೂ ಯೂಯೂ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಬ್ಯಾಡಗಿಯವರಿಗೆ ಈ ದ್ರಾವಕದ ಮಾತು ಅಪರಿಚಿತವಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಒಣಗಿದ ಕಾಯಿಯನ್ನು ಪುಡಿ ಮಾಡಿ, ಹೆಕ್ಸೇನಿನಂಥ ದ್ರಾವಕದಲ್ಲಿ ತೊಳೆದು, ದ್ರಾವಕವನ್ನು ಆವಿ ಮಾಡಿ ತೆಗೆದರೆ ಗಾಢ ಕೆಂಪಿನ ಓಲಿಯೋರೆಸಿನ್ ಉಳಿಯುತ್ತದೆ. ಆರ್ಟೆಮಿಸಿಯಾದ ಒಣ ಎಲೆಯಿಂದ ಆರ್ಟೆಮಿಸಿನಿನ್ ತೆಗೆಯುವ ಕಾರ್ಖಾನೆಗಳಲ್ಲಿಯೂ ಬಹುಮಟ್ಟಿಗೆ ನಡೆಯುವುದು ಇದೇ ಕೆಲಸ. ಡಬ್ಬಿ, ಕಡ್ಡಿ ಕಾಯಿಗಳಲ್ಲಿ ಬಣ್ಣ ಎಷ್ಟಿದೆ ಎಂದು ಅಳೆದು ಬೆಲೆ ಕಟ್ಟುವಂತೆ, ಅಲ್ಲಿ ಎಲೆಯಲ್ಲಿ ಔಷಧ ನೂರಕ್ಕೆ ಎಷ್ಟಿದೆ ಎಂದು ಅಳೆದು ಬೆಲೆ ಕಟ್ಟುತ್ತಾರೆ.

ಎರಡು ಆಮ್ಲಜನಕಗಳ ಸೇತುವೆ

ಹರಳು ಸಿಕ್ಕ ಮೇಲೆ ಅದರೊಳಗೆ ಏನಿದೆ ಎಂಬ ಪ್ರಶ್ನೆ ಎದ್ದಿತು. ಕ್ಷ-ಕಿರಣಗಳ ನೆರವಿನಿಂದ ಚೀನೀ ವಿಜ್ಞಾನಿಗಳು ಅಣುವಿನ ರಚನೆಯನ್ನು ಬಿಡಿಸಿ 1977ರಲ್ಲಿ ಪ್ರಕಟಿಸಿದರು. 15 ಇಂಗಾಲ, 22 ಜಲಜನಕ, 5 ಆಮ್ಲಜನಕ. ದವನದ ಎಣ್ಣೆಗೆ ವಿಶಿಷ್ಟವಾದ ದವನೋನ್ ಎಂಬ ಅಣುವಿನಲ್ಲಿಯೂ ಇಂಗಾಲ 15ಏ. ಬಂಧುತ್ವ ಬರೀ ಹೆಸರಿನದಲ್ಲ ಎಂಬುದಕ್ಕೆ ಇದೊಂದು ಗುರುತು. ಆದರೆ ಆರ್ಟೆಮಿಸಿನಿನ್‌ನಲ್ಲಿ ದವನದಲ್ಲಿಲ್ಲದ ಒಂದು ಅಂಶವಿದೆ. ಎರಡು ಆಮ್ಲಜನಕ ಪರಮಾಣುಗಳು ಕೈಕೈ ಹಿಡಿದು ಅಣುವಿನ ಎರಡು ತುದಿಗಳ ನಡುವೆ ಸೇತುವೆಯಂತೆ ನಿಂತಿವೆ. ಇದನ್ನು ಪೆರಾಕ್ಸೈಡ್ ಸೇತುವೆ ಎನ್ನುತ್ತಾರೆ. ಅದುವರೆಗಿನ ಯಾವ ಮಲೇರಿಯಾ ಔಷಧದಲ್ಲಿಯೂ ಇಂಥ ರಚನೆ ಇರಲಿಲ್ಲ. ಸಾರಜನಕವೇ ಇಲ್ಲದ ಈ ವಸ್ತು ಮಲೇರಿಯಾ ಔಷಧವಾಗಬಲ್ಲದೇ ಎಂದು ಕ್ವಿನೈನ್ ಬಳಗಕ್ಕೆ ಒಗ್ಗಿಕೊಂಡಿದ್ದ ರಸಾಯನಜ್ಞರು ಬೆರಗಾದರು.

ಸೇತುವೆಯ ಕೆಲಸ ತಿಳಿಯಲು ರೋಗಾಣುವಿನ ಊಟದ ಬಗೆ ತಿಳಿಯಬೇಕು. ಮಲೇರಿಯಾ ರೋಗಾಣು ನಮ್ಮ ಕೆಂಪು ರಕ್ತಕಣದೊಳಗೆ ಕೂತು ಹಿಮೋಗ್ಲೋಬಿನ್ನನ್ನು ತಿಂದು ಅರಗಿಸುತ್ತದೆ. ಆಗ ಕಬ್ಬಿಣ ತುಂಬಿದ ಹೀಮ್ ಎಂಬ ಭಾಗ ಬಿಡುಗಡೆಯಾಗುತ್ತದೆ. ಈ ಕಬ್ಬಿಣ ತಾಗಿದೊಡನೆ ಆರ್ಟೆಮಿಸಿನಿನ್ನಿನ ಸೇತುವೆ ಮುರಿಯುತ್ತದೆ. ಮುರಿದ ಅಣುವಿನಿಂದ ಅತ್ಯಂತ ಚುರುಕಾದ ತುಣುಕುಗಳು ಹುಟ್ಟಿ ಸುತ್ತಲಿನ ಪ್ರೋಟೀನುಗಳಿಗೆಲ್ಲ ಅಂಟಿ ಅವನ್ನು ಕೆಡಿಸುತ್ತವೆ. ಅಂದರೆ ರೋಗಾಣುವಿನ ಊಟವೇ ಅದಕ್ಕೆ ವಿಷವಾಗುತ್ತದೆ. 1990ರ ದಶಕದಲ್ಲಿ ಸ್ಪಷ್ಟವಾಗುತ್ತಾ ಬಂದ ಈ ವಿವರಣೆ ಮುಂದಿನ ಸಂಶೋಧನೆಗೆಲ್ಲ ತಳಹದಿಯಾಯಿತು.

ಮೂಲ ಆರ್ಟೆಮಿಸಿನಿನ್ನಿಗೆ ಒಂದು ಕೊರತೆ ಇತ್ತು. ಅದು ನೀರಿನಲ್ಲೂ ಸರಿಯಾಗಿ ಕರಗದು, ಎಣ್ಣೆಯಲ್ಲೂ ಕರಗದು. ಸೇತುವೆಗೆ ಕೈಹಚ್ಚದೆ ಅಣುವಿನ ಇನ್ನೊಂದು ಮೂಲೆಯನ್ನಷ್ಟೇ ತಿದ್ದಿ ರಸಾಯನಜ್ಞರು ಆರ್ಟೆಮೀಥರ್, ಆರ್ಟೆಸುನೇಟ್ ಎಂಬ ರೂಪಗಳನ್ನು ಮಾಡಿದರು. ಮೊದಲನೆಯದು ಎಣ್ಣೆಗೆ, ಎರಡನೆಯದು ನೀರಿಗೆ ಒಗ್ಗುವಂಥದ್ದು. ಪ್ರಜ್ಞೆ ತಪ್ಪಿದ ಮಗುವಿನ ರಕ್ತನಾಳಕ್ಕೆ ನೇರವಾಗಿ ಚುಚ್ಚಬಹುದಾದ ಆರ್ಟೆಸುನೇಟ್ ಇಂದು ತೀವ್ರ ಮಲೇರಿಯಾದಲ್ಲಿ ಕ್ವಿನೈನಿನ ಜಾಗವನ್ನು ಪಡೆದಿದೆ. ನಮ್ಮ ದೇಶದ ಪಾಲೂ ಇಲ್ಲಿದೆ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಮತ್ತು ಸೀಮ್ಯಾಪ್ ಎಂದು ಹೆಸರಾದ ಔಷಧೀಯ ಹಾಗೂ ಸುಗಂಧ ಸಸ್ಯಗಳ ಸಂಸ್ಥೆ ಸೇರಿ ಆರ್ಟೀಥರ್ ಚುಚ್ಚುಮದ್ದನ್ನು 1990ರ ದಶಕದಲ್ಲಿ ಬಳಕೆಗೆ ತಂದವು. ಸೀಮ್ಯಾಪ್‌ನ ಸಂಶೋಧನಾ ಕೇಂದ್ರವೊಂದು ಬೆಂಗಳೂರಿನಲ್ಲಿಯೂ ಇದೆ.

ಎಲೆಯ ಲೆಕ್ಕ, ಬೆಲೆಯ ಲೆಕ್ಕ

ರಾಣೇಬೆನ್ನೂರಿನ ಸುತ್ತ ಹೈಬ್ರಿಡ್ ಬೀಜದ ಹೊಲಗಳಲ್ಲಿ ಹೆಣ್ಣುಮಕ್ಕಳು ಒಂದೊಂದೇ ಹೂವಿನ ಕೇಸರ ತೆಗೆದು ಪರಾಗ ಮುಟ್ಟಿಸುವುದನ್ನು ಬಲ್ಲವರಿಗೆ ತಳಿಯ ಮಹತ್ವವನ್ನು ವಿವರಿಸಬೇಕಿಲ್ಲ. ಆರ್ಟೆಮಿಸಿಯಾ ಗಿಡ ಮಾಡುವ ಔಷಧ ಬಹಳ ಸ್ವಲ್ಪ. ಎಲೆಯ ಮೇಲಿನ ಸೂಕ್ಷ್ಮ ರೋಮಗ್ರಂಥಿಗಳಲ್ಲಿ ಮಾತ್ರ ಅದು ಕೂಡಿಬರುತ್ತದೆ. ಸೀಮ್ಯಾಪ್ ಬಿಡುಗಡೆ ಮಾಡಿದ ಜೀವನರಕ್ಷಾ ಎಂಬ ಸುಧಾರಿತ ತಳಿಯಲ್ಲಿ ಒಣ ಎಲೆಯ ತೂಕದ ಶೇಕಡಾ 0.5ರಿಂದ 1ರಷ್ಟು ಔಷಧವಿರುತ್ತದೆ. ಅಂದರೆ ಒಂದು ಕ್ವಿಂಟಾಲ್ ಒಣ ಎಲೆಯಲ್ಲಿ ಇರುವುದು ಅರ್ಧದಿಂದ ಒಂದು ಕಿಲೋ. ಒಬ್ಬ ವಯಸ್ಕರ ಮೂರು ದಿನದ ಚಿಕಿತ್ಸೆಗೆ ಬೇಕಾಗುವುದು 600 ಮಿಲಿಗ್ರಾಂ ಆರ್ಟೆಸುನೇಟ್. ಹೀಗಾಗಿ ಶೇಕಡಾವಾರಿನಲ್ಲಿ ಒಂದು ಚೂರು ಹೆಚ್ಚಾದರೂ ನೂರಾರು ರೋಗಿಗಳ ಲೆಕ್ಕ ಬದಲಾಗುತ್ತದೆ. 2010ರಲ್ಲಿ ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಗಿಡದ ವಂಶವಾಹಿ ನಕ್ಷೆಯನ್ನೇ ಸಿದ್ಧಪಡಿಸಿ ಹೆಚ್ಚು ಇಳುವರಿಯ ತಳಿಗಳಿಗೆ ದಾರಿ ಮಾಡಿದರು.

ಆದರೆ ರೈತನ ಕಷ್ಟ ತಳಿಯಿಂದಷ್ಟೇ ತೀರುವುದಿಲ್ಲ. ಬೀಜ ಬಿತ್ತಿದಂದಿನಿಂದ ಮಾತ್ರೆ ರೋಗಿಯ ಕೈ ಸೇರುವವರೆಗೆ ಒಂದು ವರ್ಷಕ್ಕೂ ಮಿಕ್ಕಿ ಕಾಲ ಹಿಡಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಆರ್ಟೆಮಿಸಿನಿನ್ ಆಧರಿಸಿದ ಜೋಡಿ ಔಷಧಗಳನ್ನು ಶಿಫಾರಸು ಮಾಡಿದ ಮೇಲೆ ಬೇಡಿಕೆ ಏರಿತು. 2005ರ ಸುಮಾರಿಗೆ ಕಿಲೋ ಬೆಲೆ 1,100 ಡಾಲರಿನ ಮಟ್ಟಕ್ಕೆ ಹೋಯಿತು. ಚೀನಾ, ವಿಯೆಟ್ನಾಂ, ಪೂರ್ವ ಆಫ್ರಿಕಾಗಳ ರೈತರು ಮುಗಿಬಿದ್ದು ಬೆಳೆದರು. 2007ರ ಹೊತ್ತಿಗೆ ಬೆಲೆ 200 ಡಾಲರಿನ ಆಸುಪಾಸಿಗೆ ಬಿತ್ತು. ರೈತರು ಬೆಳೆ ಕೈಬಿಟ್ಟರು. ಮತ್ತೆ ಕೊರತೆ, ಮತ್ತೆ ಏರಿಕೆ. 2024ರ ಮಾರ್ಚ್ ತಿಂಗಳಲ್ಲಿ ಮೆಣಸಿನಕಾಯಿಯ ಬೆಲೆ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಬೆಂಕಿಯ ರೂಪ ತಾಳಿದ್ದನ್ನು ಕಂಡ ನಿಮಗೆ ಈ ಏರಿಳಿತದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಹೆಚ್ಚಿನ ಸಂಗತಿಯೊಂದಿದೆ. ಈ ಬೆಳೆಯ ಬೆಲೆ ಬಿದ್ದಾಗ ರೈತನೊಬ್ಬ ಸೋಲುತ್ತಾನೆ. ಅವನು ಬೆಳೆ ಬಿಟ್ಟ ಮರುವರ್ಷ ದೂರದ ಯಾವುದೋ ಆಸ್ಪತ್ರೆಯಲ್ಲಿ ಮಾತ್ರೆ ಸಿಗದೆ ಮಗುವೊಂದು ಸೋಲುತ್ತದೆ.

ಯೀಸ್ಟಿನ ಕೈಯಲ್ಲಿ ಔಷಧ

ಗಿಡವನ್ನೇ ನೆಚ್ಚದೆ ಔಷಧ ಮಾಡಲಾಗದೇ? 1983ರಲ್ಲಿಯೇ ಸ್ವಿಟ್ಜರ್ಲೆಂಡಿನ ರೋಶ್ ಕಂಪನಿಯ ಶ್ಮಿಡ್ ಮತ್ತು ಹಾಫ್‌ಹೈಂಜ್ ಈ ಅಣುವನ್ನು ಪ್ರಯೋಗಶಾಲೆಯಲ್ಲಿ ಮೊದಲಿನಿಂದ ಕಟ್ಟಿ ತೋರಿಸಿದ್ದರು. ವಿದ್ಯೆ ದೊಡ್ಡದು, ಖರ್ಚೂ ದೊಡ್ಡದು. ಬಡವರ ರೋಗಕ್ಕೆ ಅದು ಎಟುಕುವಂತಿರಲಿಲ್ಲ. ಅಮೆರಿಕದ ಬರ್ಕ್ಲಿಯ ಜೇ ಕೀಸ್ಲಿಂಗ್ ಬೇರೆ ದಾರಿ ಹಿಡಿದರು. ಗಿಡದ ವಂಶವಾಹಿಗಳನ್ನು ಬ್ರೆಡ್ಡು ಉಬ್ಬಿಸುವ ಯೀಸ್ಟಿಗೆ ಸೇರಿಸಿದರು. 2006ರಲ್ಲಿ ಯೀಸ್ಟು ಆರ್ಟೆಮಿಸಿನಿಕ್ ಆಮ್ಲವನ್ನು, ಅಂದರೆ ಔಷಧದ ಹಿಂದಿನ ಮೆಟ್ಟಿಲನ್ನು, ತಯಾರಿಸಿತು. 2013ರ ವೇಳೆಗೆ ಒಂದು ಲೀಟರಿಗೆ 25 ಗ್ರಾಂ ಬರತೊಡಗಿತು. ಉಳಿದ ಮೆಟ್ಟಿಲನ್ನು ಬೆಳಕು ಮತ್ತು ಆಮ್ಲಜನಕಗಳಿಂದ ದಾಟಬಹುದು. ಜರ್ಮನಿಯ ಪೀಟರ್ ಸೀಬರ್ಗರ್ ತಂಡ 2012ರಲ್ಲಿ ದೀಪದ ಸುತ್ತ ಸುತ್ತಿದ ತೆಳು ಕೊಳವೆಯಲ್ಲಿ ದ್ರಾವಣವನ್ನು ಹರಿಸಿಯೇ ಆ ಕೆಲಸ ಮಾಡಿ ತೋರಿಸಿತು. ಫ್ರಾನ್ಸಿನ ಸನೋಫಿ ಕಂಪನಿ ಯೀಸ್ಟಿನ ವಿಧಾನದಲ್ಲಿ ಇಟಲಿಯಲ್ಲಿ ಕಾರ್ಖಾನೆ ನಡೆಸಿತು. ಆದರೆ ಎಲೆಯಿಂದ ಬಂದ ಔಷಧ ಅಷ್ಟರಲ್ಲಿ ಇನ್ನೂ ಅಗ್ಗವಾಗಿತ್ತು. 2015ರಲ್ಲಿ ಅಲ್ಲಿನ ಉತ್ಪಾದನೆ ನಿಂತಿತು. ಮರುವರ್ಷ ಕಾರ್ಖಾನೆಯನ್ನೇ ಮಾರಿದರು. ಇಷ್ಟೆಲ್ಲ ಆದ ಮೇಲೂ ಜಗತ್ತಿನ ಆರ್ಟೆಮಿಸಿನಿನ್ ಬಹುಪಾಲು ಬರುತ್ತಿರುವುದು ಹೊಲದ ಗಿಡದಿಂದಲೇ.

ಇನ್ನು ಕೆಲವರು ಸೇತುವೆಯನ್ನಷ್ಟೇ ಉಳಿಸಿಕೊಂಡು ಉಳಿದ ಅಣುವನ್ನು ಪೂರ್ತಿ ಹೊಸದಾಗಿ ಕಟ್ಟಿದರು. ಅಂಥ ಆರ್ಟೆರೋಲೇನ್ ಎಂಬ ಕೃತಕ ಔಷಧವನ್ನು ಪೈಪೆರಾಕ್ವಿನ್ ಜೊತೆ ಸೇರಿಸಿ ಭಾರತದ ರ‍್ಯಾನ್‌ಬಾಕ್ಸಿ ಕಂಪನಿ 2012ರಲ್ಲಿ ಮಾರುಕಟ್ಟೆಗೆ ತಂದಿತು.

ಬೆಂಗಳೂರಿನ ಅರಿಸಿನ

ಕನ್ನಡ ನೆಲದ ಪ್ರಯೋಗಶಾಲೆಗಳೂ ಈ ಕಥೆಯಲ್ಲಿ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಜಿ. ಪದ್ಮನಾಭನ್ ಮತ್ತು ನಮಿತಾ ಸುರೋಲಿಯಾ 1992ರಲ್ಲಿ ಒಂದು ವಿಷಯವನ್ನು ಮುಂದಿಟ್ಟರು. ರೋಗಾಣು ನಮ್ಮ ರಕ್ತದ ಹೀಮ್ ತಿಂದೂ ತನ್ನದೇ ಹೀಮನ್ನು ತಯಾರಿಸಿಕೊಳ್ಳುತ್ತದೆ; ಆ ತಯಾರಿಕೆಯನ್ನು ತಡೆಯುವುದೂ ಔಷಧಕ್ಕೆ ಒಂದು ಗುರಿಯಾಗಬಹುದು ಎಂದು. 2001ರಲ್ಲಿ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ನಮಿತಾ ಸುರೋಲಿಯಾ ಮತ್ತು ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ, ಟ್ರೈಕ್ಲೋಸಾನ್ ಎಂಬ ಸಾಮಾನ್ಯ ಕ್ರಿಮಿನಾಶಕ ರೋಗಾಣುವಿನ ಕೊಬ್ಬಿನಾಮ್ಲ ತಯಾರಿಕೆಯನ್ನು ತಡೆಯುತ್ತದೆಂದು ತೋರಿಸಿದರು.

ಪದ್ಮನಾಭನ್ ಮತ್ತು ಪಿ. ಎನ್. ರಂಗರಾಜನ್ ಅವರ ತಂಡ ಆ ಮೇಲೆ ನಮ್ಮ ಅಡಿಗೆಮನೆಯ ಅರಿಸಿನದ ಕಡೆ ತಿರುಗಿತು. ಅರಿಸಿನದ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ರೋಗಾಣುವನ್ನು ಕೊಲ್ಲಬಲ್ಲದೆಂದು ಕಂಡ ಮೇಲೆ, 2006ರಲ್ಲಿ ಅವರು ಆರ್ಟೆಮಿಸಿನಿನ್ ಬಳಗದ ಜೊತೆ ಅದನ್ನು ಸೇರಿಸಿ ನೋಡಿದರು. ಮಲೇರಿಯಾ ಹತ್ತಿದ ಇಲಿಗಳಿಗೆ ಆರ್ಟೀಥರಿನ ಒಂದೇ ಚುಚ್ಚುಮದ್ದು, ಅದರ ಹಿಂದೆ ಕರ್ಕ್ಯುಮಿನ್ನಿನ ಮೂರು ಗುಟುಕು ಕೊಟ್ಟಾಗ ರೋಗ ಮರುಕಳಿಸಲಿಲ್ಲ. ಹೆಚ್ಚುಕಡಿಮೆ ಎಲ್ಲ ಇಲಿಗಳೂ ಬದುಕಿದವು. ಇಲಿಯಿಂದ ಮನುಷ್ಯನವರೆಗಿನ ದಾರಿ ಉದ್ದವಾದದ್ದು. ಅರಿಸಿನದ ಹಾಲು ಕುಡಿದರೆ ಮಲೇರಿಯಾ ವಾಸಿಯಾಗುತ್ತದೆಂದು ಇದರಿಂದ ಯಾರೂ ತಿಳಿಯಬಾರದು. ಆದರೆ ಜೋಡಿಯ ತತ್ವ ಇಲ್ಲಿ ಚೆನ್ನಾಗಿ ಕಾಣುತ್ತದೆ. ಆರ್ಟೆಮಿಸಿನಿನ್ ಬೇಗ ಬಡಿಯುತ್ತದೆ, ಕೆಲವೇ ಗಂಟೆಗಳಲ್ಲಿ ದೇಹದಿಂದ ಹೊರಟೂ ಹೋಗುತ್ತದೆ. ಉಳಿದ ರೋಗಾಣುಗಳನ್ನು ಮುಗಿಸಲು ನಿಧಾನವಾಗಿ ಕೆಲಸ ಮಾಡುವ ಇನ್ನೊಬ್ಬ ಜೊತೆಗಾರ ಬೇಕು. ನಮ್ಮ ದೇಶದಲ್ಲಿ 2010ರಿಂದ ಫ್ಯಾಲ್ಸಿಪಾರಂ ಮಲೇರಿಯಾಕ್ಕೆಲ್ಲ ಇಂಥ ಜೋಡಿ ಔಷಧವನ್ನೇ ಕೊಡುವ ನೀತಿ ಬಂದಿದೆ.

ಮದ್ದು ಮೊಂಡಾಗುವ ಭಯ

ಕ್ಲೋರೋಕ್ವಿನ್ನಿಗೆ ಆದದ್ದು ಆರ್ಟೆಮಿಸಿನಿನ್ನಿಗೂ ಆಗಬಹುದೇ? ಆಗತೊಡಗಿದೆ. 2008ರ ಸುಮಾರಿಗೆ ಕಾಂಬೋಡಿಯಾದ ಪಶ್ಚಿಮ ಗಡಿಯಲ್ಲಿ ರೋಗಾಣುಗಳು ಈ ಔಷಧಕ್ಕೆ ನಿಧಾನವಾಗಿ ಮಣಿಯುತ್ತಿರುವುದು ಕಂಡುಬಂತು. 2014ರಲ್ಲಿ ಅದಕ್ಕೆ ಕಾರಣವಾದ ಕೆಲ್ಚ್-13 ಎಂಬ ವಂಶವಾಹಿಯ ಬದಲಾವಣೆ ಪತ್ತೆಯಾಯಿತು. ಈಗ ರುವಾಂಡ, ಉಗಾಂಡಗಳಲ್ಲೂ ಇಂಥ ರೋಗಾಣುಗಳು ಹುಟ್ಟಿಕೊಂಡಿವೆ. ಇಂದಿನ ರಸಾಯನಶಾಸ್ತ್ರ ಸಂಶೋಧನೆ ಹೆಚ್ಚಾಗಿ ಸಾಗಿರುವುದು ಈ ದಿಕ್ಕಿನಲ್ಲೇ. ದೇಹದಲ್ಲಿ ಹೆಚ್ಚು ಹೊತ್ತು ನಿಲ್ಲುವ ಸೇತುವೆಯ ಅಣುಗಳು, ಎರಡರ ಬದಲು ಮೂರು ಔಷಧಗಳ ಕೂಟ, ರೋಗಾಣುವಿನ ಹೊಸ ದುರ್ಬಲ ತಾಣಗಳ ಹುಡುಕಾಟ.

ಹಾವೇರಿ ಜಿಲ್ಲೆಯ ಓದುಗರಾದ ನಿಮಗೆ ಇದರಲ್ಲಿ ಕೆಲಸವೇನು ಎಂದು ಕೇಳಬಹುದು. 2030ರೊಳಗೆ ಮಲೇರಿಯಾವನ್ನು ಇಲ್ಲವಾಗಿಸುವ ಗುರಿಯನ್ನು ನಮ್ಮ ದೇಶ ಇಟ್ಟುಕೊಂಡಿದೆ. ದುಡಿಮೆಗಾಗಿ ಮಂಗಳೂರಿನ ಕಡೆಗೋ ಗೋವಾದ ಕಡೆಗೋ ಹೋಗಿ ಬಂದವರು ಮನೆಯಲ್ಲಿದ್ದು, ಚಳಿ ಹತ್ತಿ ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಿ. ಫ್ಯಾಲ್ಸಿಪಾರಂ ಆದರೆ ಜೋಡಿ ಔಷಧ ಮೂರು ದಿನ. ವೈವಾಕ್ಸ್ ಆದರೆ ಕ್ಲೋರೋಕ್ವಿನ್ ಮೂರು ದಿನ, ಯಕೃತ್ತಿನಲ್ಲಿ ಅಡಗಿ ಕೂತ ರೋಗಾಣುವಿಗಾಗಿ ಪ್ರೈಮಾಕ್ವಿನ್ ಹದಿನಾಲ್ಕು ದಿನ. ಗರ್ಭಿಣಿಯರಿಗೂ ಎಳೆಗೂಸುಗಳಿಗೂ ಪ್ರೈಮಾಕ್ವಿನ್ ಕೊಡುವಂತಿಲ್ಲವಾದ್ದರಿಂದ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಎರಡನೆಯ ದಿನ ಜ್ವರ ಬಿಟ್ಟಿತೆಂದು ಉಳಿದ ಮಾತ್ರೆಗಳನ್ನು ಗೂಡಿನಲ್ಲಿಡಬೇಡಿ. ಅರ್ಧಕ್ಕೆ ಬಿಟ್ಟ ಚಿಕಿತ್ಸೆಯಲ್ಲಿ ಬದುಕುಳಿದ ರೋಗಾಣುವೇ ಮುಂದೆ ಮದ್ದಿಗೆ ಮಣಿಯದ ರೋಗಾಣುವಾಗುತ್ತದೆ. ದವನದ ಸೊಪ್ಪನ್ನೋ ಮಾಚಿಪತ್ರೆಯನ್ನೋ ಅರೆದು ಕುಡಿದರೂ ಗುಣವಾಗದು. ಅವು ಬಂಧುಗಳು ಹೌದು, ಔಷಧವಲ್ಲ. ಕ್ಲೋರೋಕ್ವಿನ್ ಕೈತಪ್ಪಿದಾಗ ಅದರ ಜಾಗಕ್ಕೆ ಬರಲು ಆರ್ಟೆಮಿಸಿನಿನ್ ಇತ್ತು. ಇದೂ ಕೈತಪ್ಪಿದರೆ ಇದರಷ್ಟು ಬೇಗ ಗುಣ ಕೊಡುವ ಇನ್ನೊಂದು ಔಷಧ ಸದ್ಯಕ್ಕೆ ಎಲ್ಲೆಡೆ ಬಳಸುವಷ್ಟು ಸಿದ್ಧವಾಗಿಲ್ಲ. ಆ ದಿನ ಬರುವವರೆಗೆ ಈ ಎಲೆಯ ಮದ್ದನ್ನು ಕಾಪಾಡಿಕೊಳ್ಳುವ ಹೊಣೆ ಪ್ರಯೋಗಶಾಲೆಯಷ್ಟೇ ನಮ್ಮ ನಿಮ್ಮ ಮನೆಗಳ ಮೇಲೂ ಇದೆ.